ಮುಂದಿನ ತಲೆಮಾರಿಗಾಗಿ ಕಾಯುವುದು

2025ನೆಯ ಇಸವಿಯ ದೀಪಾವಳಿಗೆ ಎರಡು ದಿನ ಮುಂಚೆ ಕೊಡ್ಲಿಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಸಣ್ಣ ನ್ಯಾಯಸಭೆ ಸೇರಿದ್ದಿತು. ವಾದದ ವಿಷಯವು ಹೊಲದ ಬದುವೂ ಅಲ್ಲ, ಮದುವೆಯ ಮಾತುಕತೆಯೂ ಅಲ್ಲ. ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದಿನ ಮೊದಲನೆಯ ವರ್ಷಕ್ಕೆ ಸೇರಿದ್ದ ನನ್ನ ಕಿರಿಯ ಮಗಳಿಗೆ ಹಗುರವಾದ ಒಂದು ಲ್ಯಾಪ್‌ಟಾಪನ್ನು ಈಗಲೇ ಕೊಡಿಸಬೇಕೋ, ಇಲ್ಲವೆ ಮುಂದಿನ ತಲೆಮಾರಿನ ಪ್ರೊಸೆಸರು ಬರುವ ತನಕ ತಡೆಯಬೇಕೋ ಎಂಬುದೇ ಅಂದಿನ ವ್ಯಾಜ್ಯ.

ತಡೆಯಬೇಕೆಂಬ ಪಕ್ಷಕ್ಕೆ ನನ್ನ ಅಕ್ಕನ ಮಗನೇ ವಕೀಲ. ಬೆಂಗಳೂರಿನಲ್ಲಿ ಚಿಪ್‌ಗಳ ವಿನ್ಯಾಸ ಮಾಡುವ ಕಚೇರಿಯೊಂದರಲ್ಲಿ ಅವನಿಗೆ ಕೆಲಸ, ಹಬ್ಬಕ್ಕೆಂದು ಬಂದಿದ್ದನು. “ಮಾಮಾ, ಇನ್ನ ಮೂರು ತಿಂಗಳು ತಡೀರಿ. ಜನವರಿದಾಗ ಇಂಟೆಲ್‌ನವರದು ಹೊಸಾದು ಬರ್ತದ. ಈಗ ತಗೊಂಡ್ರ ಹಳೇದಕ್ಕ ರೊಕ್ಕ ಕೊಟ್ಟಂಗ” ಎಂದು ಅವನು ವಾದಿಸಿದನು. ಅವನ ಮಾತು ಹುರುಳಿಲ್ಲದ್ದೆಂದು ಹೇಳುವಂತಿರಲಿಲ್ಲ. ಆ ಅಕ್ಟೋಬರ್ ತಿಂಗಳಿನಲ್ಲಿಯೇ ಇಂಟೆಲ್ ಸಂಸ್ಥೆಯು ಪ್ಯಾಂಥರ್ ಲೇಕ್ ಎಂಬ ಪ್ರೊಸೆಸರಿನ ವಿವರಗಳನ್ನು ಪ್ರಕಟಿಸಿ, ಜನವರಿಯಿಂದ ಅದು ಹೆಚ್ಚಾಗಿ ದೊರೆಯುವುದೆಂದು ಸಾರಿದ್ದಿತು.

ಎದುರು ಪಕ್ಷವನ್ನು ಹಿಡಿಯುವವರು ಯಾರೂ ಇರಲಿಲ್ಲ. ಕಿರಿಯ ಮಗಳು, “ನೀವು ಹ್ಯಾಂಗ ಹೇಳ್ತೀರಿ ಹಂಗ, ಅಪ್ಪಾ” ಎಂದು ಸುಮ್ಮನಾದಳು. ಸೇಡಮ್ಮಿನ ಶಾಲೆಯೊಂದರಲ್ಲಿ ಉಪಾಧ್ಯಾಯಿನಿಯಾಗಿರುವ ಹಿರಿಯ ಮಗಳು ಮೂಲೆಯಲ್ಲಿ ಕುಳಿತು ಹೋಳಿಗೆಗೆಂದು ಶೇಂಗಾದ ಸಿಪ್ಪೆ ತಿಕ್ಕುತ್ತಿದ್ದಳು. ಆಕೆ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿ, ಮತ್ತೆ ತಲೆ ತಗ್ಗಿಸಿದಳು. ಆ ನೋಟದ ಅರ್ಥವು ಆ ಸಭೆಯಲ್ಲಿ ನನಗೊಬ್ಬನಿಗೇ ತಿಳಿದಿತ್ತು. ಅದನ್ನು ಹೇಳುವ ಸಲುವಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಯಂತ್ರಗಳ ಗೊಡವೆಯಿಲ್ಲದ ಓದುಗರಿಗಾಗಿ ಮೊದಲು ಎರಡು ಮಾತು. ಲ್ಯಾಪ್‌ಟಾಪಿನೊಳಗೆ ಎಣಿಕೆಯ ಕೆಲಸವನ್ನೆಲ್ಲ ನಡೆಸುವ ಸಣ್ಣ ಬಿಲ್ಲೆಗೆ ಪ್ರೊಸೆಸರೆಂದು ಹೆಸರು. ಅದರಲ್ಲಿ ಟ್ರಾನ್ಸಿಸ್ಟರುಗಳೆಂಬ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಸ್ವಿಚ್ಚುಗಳಿರುತ್ತವೆ. 1971ರಲ್ಲಿ ಇಂಟೆಲ್ ಹೊರತಂದ 4004 ಎಂಬ ಪ್ರೊಸೆಸರಿನಲ್ಲಿ ಅವು ಸುಮಾರು 2,300 ಇದ್ದುವು. 2020ರಲ್ಲಿ ಆ್ಯಪಲ್ ಸಂಸ್ಥೆ ಹೊರತಂದ ಎಂ1 ಎಂಬುದರಲ್ಲಿ 1,600 ಕೋಟಿ. ಒಂದು ಚಿಪ್ಪಿನಲ್ಲಿ ಹಿಡಿಸುವ ಇಂಥ ಭಾಗಗಳ ಸಂಖ್ಯೆ ವರ್ಷಕ್ಕೊಮ್ಮೆ ಇಮ್ಮಡಿಯಾಗುವುದೆಂದು ಗಾರ್ಡನ್ ಮೂರ್ ಎಂಬವರು 1965ರಲ್ಲಿ ಬರೆದರು. 1975ರಲ್ಲಿ ಅದನ್ನು ಎರಡು ವರ್ಷಕ್ಕೊಮ್ಮೆ ಎಂದು ತಿದ್ದಿದರು. ಈಚೆಗೆ ಆ ನಡಿಗೆ ನಿಧಾನವಾಗಿದೆ; ಆದರೆ ನಿಂತಿಲ್ಲ. ಆದುದರಿಂದ ಅಂಗಡಿಯಲ್ಲಿರುವುದಕ್ಕಿಂತ ಒಳ್ಳೆಯದೊಂದು ಎಲ್ಲಿಯೋ ತಯಾರಾಗುತ್ತಿರುವುದೆಂಬುದು ಐವತ್ತು ವರ್ಷಗಳಿಂದ ಎಂದೂ ಸುಳ್ಳಾಗದ ಮಾತು.

ತೆಳ್ಳನೆಯ ಲ್ಯಾಪ್‌ಟಾಪುಗಳಿಗಂತೂ ಈ ಸುಧಾರಣೆಯೇ ಜೀವಾಳ. ಒಂದೂಕಾಲು ಕಿಲೋ ತೂಗುವ, ಬೆರಳಿನಷ್ಟೇ ದಪ್ಪನಾದ ಯಂತ್ರದಲ್ಲಿ ಬಿಸಿ ಹೊರಗೆ ಹೋಗಲು ಹಾದಿ ಕಡಿಮೆ. ಬಿಸಿ ಏರಿದೊಡನೆ ಪ್ರೊಸೆಸರು ಸುಟ್ಟುಹೋಗದಂತೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಬೇಸಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಸೀಮೆಯವರಿಗೆ ಇದನ್ನು ಪುಸ್ತಕ ನೋಡಿ ತಿಳಿಯಬೇಕಾದ ಅಗತ್ಯವಿಲ್ಲ. ಏಪ್ರಿಲಿನ ಮಧ್ಯಾಹ್ನಗಳಲ್ಲಿ ನನ್ನ ಹಳೆಯ ಲ್ಯಾಪ್‌ಟಾಪು ಮೇಜಿನ ಮೇಲೆ ಉಸ್ಸೆಂದು ಏದತೊಡಗಿದರೆ, ನಾನು ಅದನ್ನು ಕೆಳಗಿಳಿಸಿ ಶಹಾಬಾದಿನ ಪರಸಿ ಕಲ್ಲಿನ ನೆಲದ ಮೇಲಿಟ್ಟು ಎದುರಿಗೆ ಚಕ್ಕಳಮಕ್ಕಳ ಹಾಕಿ ಕುಳಿತುಕೊಳ್ಳುತ್ತೇನೆ. ತುಸು ಹೊತ್ತಿನಲ್ಲಿ ಅದೂ ತಣ್ಣಗಾಗುತ್ತದೆ, ನಾನೂ ತಣ್ಣಗಾಗುತ್ತೇನೆ. ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಕೆಲಸ ಮಾಡುವ ಪ್ರೊಸೆಸರು ಬಂದರೆ ಬಿಸಿಯೂ ಕಡಿಮೆ, ಬ್ಯಾಟರಿಯ ಆಯುಷ್ಯವೂ ಹೆಚ್ಚು. ಕರೆಂಟು ಹೋಗಿ ಬರುವ ಊರಿನವನು ಇದನ್ನು ಹಗುರವಾಗಿ ಕಾಣಲಾರನು. ಆದಕಾರಣ, ಕಾಯುವುದೆಲ್ಲ ಮೂರ್ಖತನವೆಂದು ನಾನು ಹೇಳಹೊರಟಿಲ್ಲ.

ಈಗ ಆ ನೋಟದ ವಿಚಾರ. 2020ನೆಯ ಇಸವಿಯಲ್ಲಿ ಕೊರೋನಾ ಜಾಡ್ಯದ ದೆಸೆಯಿಂದ ಕಾಲೇಜುಗಳು ಮುಚ್ಚಿದಾಗ ಹಿರಿಯ ಮಗಳು ಬಿ.ಎಸ್‌ಸಿ. ಎರಡನೆಯ ವರ್ಷದಲ್ಲಿದ್ದಳು. ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಂದಳು. ಪಾಠಗಳೆಲ್ಲ ಮೊಬೈಲಿನಲ್ಲಿ. ಮನೆಯೊಳಗೆ ಸಿಗ್ನಲ್ಲು ಸಿಗದು. ಮಾಳಿಗೆ ಹತ್ತಿ, ನೀರಿನ ಟಾಕಿಯ ನೆರಳಿನಲ್ಲಿ ಕುಳಿತು, ನೆರಳು ಸರಿದಂತೆ ತಾನೂ ಸರಿಯುತ್ತ ಅವಳು ಪಾಠ ಕೇಳುತ್ತಿದ್ದಳು. ಜೂನ್ ತಿಂಗಳಿನಲ್ಲಿ ಒಂದು ಸಂಜೆ, “ಅಪ್ಪಾ, ಒಂದು ಲ್ಯಾಪ್‌ಟಾಪ್ ಇದ್ದಿದ್ರ ಚಲೋ ಆಗ್ತಿತ್ತು” ಎಂದಳು. ಅವಳು ಕೇಳಿದ್ದು ಅದೊಂದೇ ಸಲ.

ನಾನು ಆಗಿನ್ನೂ ಉಪಾಧ್ಯಾಯ ವೃತ್ತಿಯಲ್ಲಿದ್ದೆನು. ಹಣಕ್ಕೆ ಕೊರತೆಯಿರಲಿಲ್ಲ, ಅಡ್ಡಬಂದುದು ನನ್ನ ಜಾಣತನ. ಇಂಟೆಲ್‌ನ ಹನ್ನೊಂದನೆಯ ತಲೆಮಾರು ಬರಲಿದೆಯೆಂದು ಓದಿ, ಅದಕ್ಕಾಗಿ ನಿಂತೆನು. ಸೆಪ್ಟೆಂಬರಿನಲ್ಲಿ ಅದು ಪ್ರಕಟವಾಯಿತು. ಹೊಸತರ ಬೆಲೆ ಇಳಿಯಲೆಂದು ನಿಂತೆನು. ನವೆಂಬರಿನಲ್ಲಿ ಆ್ಯಪಲ್‌ನ ಎಂ1 ಬಂದಿತು. ಲೋಕವೇ ಬದಲಾಯಿತೆಂದು ಎಲ್ಲರೂ ಬರೆದರು. ಉಳಿದ ಸಂಸ್ಥೆಗಳು ಇದಕ್ಕೆ ಏನು ಉತ್ತರ ಕೊಡುವುವೋ ನೋಡೋಣವೆಂದು ನಿಂತೆನು. 2021ರ ಜನವರಿಯಲ್ಲಿ ಎ.ಎಂ.ಡಿ. ಸಂಸ್ಥೆಯು ರೈಜನ್ 5000 ಎಂಬ ಸಾಲನ್ನು ಲ್ಯಾಪ್‌ಟಾಪುಗಳಿಗೆಂದು ಪ್ರಕಟಿಸಿತು. ಅದೂ ಅಂಗಡಿಗೆ ಬರಲೆಂದೆನು. ಅಷ್ಟರಲ್ಲಿ ಪ್ರಪಂಚದಲ್ಲೆಲ್ಲ ಚಿಪ್‌ಗಳಿಗೆ ಅಭಾವ ತಲೆದೋರಿ, ನಾನು ಆರಿಸಿದ ಯಂತ್ರ ಅಂಗಡಿಗಳಲ್ಲಿ ಇಲ್ಲವಾಯಿತು. ಕೊನೆಗೆ ಲ್ಯಾಪ್‌ಟಾಪು ಮನೆಗೆ ಬಂದುದು ಮಗಳು ಪದವಿಯ ಕೊನೆಯ ಪರೀಕ್ಷೆ ಬರೆದು ಮುಗಿಸಿದ ವಾರ.

ಆ ನಡುವೆ ಅವಳು ನಲವತ್ತು ಪುಟದ ಪ್ರಾಜೆಕ್ಟ್ ವರದಿಯನ್ನು ಮೊಬೈಲಿನ ಮೇಲೆ ಹೆಬ್ಬೆರಳುಗಳಿಂದಲೇ ಬರೆದು ಮುಗಿಸಿದ್ದಳು. ಎಂ.ಎಸ್‌ಸಿ.ಯ ಪ್ರವೇಶ ಪರೀಕ್ಷೆ ಕಂಪ್ಯೂಟರಿನ ಮೇಲೆ ನಡೆಯಿತು. ಕೈಗೆ ರೂಢಿಯಿಲ್ಲದೆ ಅವಳಿಗೆ ಸಮಯ ಸಾಲಲಿಲ್ಲ, ಸೀಟು ದೊರೆಯಲಿಲ್ಲ. ಲ್ಯಾಪ್‌ಟಾಪು ಇದ್ದಿದ್ದರೆ ಸೀಟು ದೊರೆತೇ ದೊರೆಯುತ್ತಿತ್ತೆಂದು ನಾನು ಹೇಳಲಾರೆನು. ದೊರೆಯುತ್ತಿರಲಿಲ್ಲವೆಂದೂ ಹೇಳಲಾರೆನಲ್ಲ, ನನ್ನನ್ನು ಕಾಡುವುದು ಅದೇ. ಪೆಟ್ಟಿಗೆ ಬಿಚ್ಚಿದ ದಿನ ಅವಳು ಯಂತ್ರವನ್ನು ತಿರುಗಿಸಿ ನೋಡಿ, “ಚಲೋ ಅದ ಅಪ್ಪಾ. ನೀವೇ ಇಟ್ಕೊಳ್ರಿ, ನಿಮಗ ಬರಿಲಾಕ ಆಗ್ತದ” ಎಂದಳು. ಅಂದಿನಿಂದ ಅದು ನನ್ನದಾಯಿತು.

ನನ್ನ ತಪ್ಪು ಎಲ್ಲಿ ಹುಟ್ಟಿತೆಂದು ತಿಳಿಯಲು ನನಗೆ ತೊಗರಿಯೇ ಬೇಕಾಯಿತು. ತೊಗರಿಯ ನಾಡಿನವರಿಗೆ ಬೆಲೆಗಾಗಿ ಕಾಯುವುದು ಹುಟ್ಟುಗುಣ. 2024ರಲ್ಲಿ ಕ್ವಿಂಟಲಿನ ಬೆಲೆ ಹತ್ತು ಸಾವಿರ ರೂಪಾಯಿ ದಾಟಿದ್ದಿತು. ಇನ್ನೂ ಏರೀತೆಂದು ನಾನು ಕೆಲವು ಚೀಲಗಳನ್ನು ಮನೆಯಲ್ಲಿಯೇ ಉಳಿಸಿಕೊಂಡೆನು. 2025ರ ಆರಂಭದಲ್ಲಿ ಮಾರುಕಟ್ಟೆ ಕುಸಿದು, 7,550 ರೂಪಾಯಿ ಬೆಂಬಲ ಬೆಲೆಗೆ ರಾಜ್ಯ ಸರ್ಕಾರವು 450 ರೂಪಾಯಿ ಸೇರಿಸಿ ಎಂಟು ಸಾವಿರ ಮಾಡಿ ಕೊಳ್ಳಬೇಕಾಯಿತು. ನನ್ನ ಚೀಲಗಳಲ್ಲಿ ನುಸಿಯೂ ಬಿದ್ದಿತ್ತು. ನಷ್ಟವಾಯಿತು, ನಿಜ. ಆದರೆ ಮಾರಾಟಕ್ಕಾಗಿ ಕಾದವನಿಗೆ ಆಗುವ ನಷ್ಟ ಬೆಲೆಯದು ಮಾತ್ರ. ಮಾಲು ಮನೆಯಲ್ಲಿಯೇ ಇರುತ್ತದೆ. ಬಿತ್ತನೆಗಾಗಿ ಕಾದವನ ಗತಿ ಹಾಗಲ್ಲ. ಮಿರಗದ ಮಳೆ ಬಿದ್ದು ಹೊಲ ಹದಕ್ಕೆ ಬಂದಾಗ, ಬಡಗಿ ಮುಂದಿನ ತಿಂಗಳು ಇದಕ್ಕಿಂತ ಒಳ್ಳೆಯ ಕೂರಿಗೆ ಮಾಡಿಕೊಡುವನೆಂದು ಯಾವ ರೈತನೂ ಎತ್ತುಗಳನ್ನು ಗೋದಲಿಯಲ್ಲಿ ಕಟ್ಟಿಹಾಕುವುದಿಲ್ಲ. ಹದ ತಪ್ಪಿದರೆ ಹೋಗುವುದು ಇಡೀ ಹಂಗಾಮು. ಲ್ಯಾಪ್‌ಟಾಪು ಕೂರಿಗೆಯೆಂಬುದನ್ನು ಮರೆತು, ಅದನ್ನು ತೊಗರಿಯ ಚೀಲದಂತೆ ಲೆಕ್ಕ ಹಾಕಿದುದೇ ನಾನು ಮಾಡಿದ ತಪ್ಪು.

ಹೀಗೆ ಕಾಯುವ ಜನರಿಂದ ಮಾರುವವನೂ ಕೆಟ್ಟ ಕಥೆಯೊಂದುಂಟು. ಆಡಂ ಆಸ್ಬಾರ್ನ್ ಎಂಬವರು ಬಾಲ್ಯವನ್ನು ನಮ್ಮ ನೆರೆಯ ತಮಿಳುನಾಡಿನ ತಿರುವಣ್ಣಾಮಲೆಯಲ್ಲಿ ಕಳೆದವರು. 1981ರಲ್ಲಿ ಅಮೆರಿಕದಲ್ಲಿ ಅವರು ಹೊರತಂದ ಆಸ್ಬಾರ್ನ್ 1 ಎಂಬುದು, ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಕಂಪ್ಯೂಟರುಗಳಲ್ಲಿ ಮಾರುಕಟ್ಟೆಯನ್ನು ಗೆದ್ದ ಮೊದಲನೆಯದು. ತೂಕ ಸುಮಾರು ಹನ್ನೊಂದು ಕಿಲೋ! ಮುಂದೆ ಬರಲಿರುವ ಉತ್ತಮ ಯಂತ್ರದ ಸುದ್ದಿ ಮುಂಚೆಯೇ ಹರಡಿ, ಗಿರಾಕಿಗಳೆಲ್ಲ ಅದಕ್ಕಾಗಿ ನಿಂತು, ಇದ್ದುದು ಮಾರದೆ 1983ರಲ್ಲಿ ಆ ಸಂಸ್ಥೆ ದಿವಾಳಿಯಾಯಿತೆಂದು ಹೇಳುತ್ತಾರೆ. ಬೇರೆ ಕಾರಣಗಳೂ ಇದ್ದುವೆಂಬ ವಾದವಿದೆ. ಆದರೂ ಇಂಥ ಸಂಕಟಕ್ಕೆ ಇಂದಿಗೂ ಅವರ ಹೆಸರೇ ಉಳಿದಿದೆ.

ದೀಪಾವಳಿಯ ಸಭೆಗೆ ಹಿಂತಿರುಗೋಣ. ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದ ನನ್ನ ಮನೆಯಾಕೆ, “ಆ ಹೊಸಾದು ಬಂದ ಮ್ಯಾಗ ಅದರಕಿಂತ ಹೊಸಾದು ಬರಂಗಿಲ್ಲೇನಪಾ?” ಎಂದು ಕೇಳಿದಳು. ಹುಡುಗ ನಕ್ಕು, “ಬರ್ತದ ಅತ್ತಿ, ಬರದೆ ಎಲ್ಲಿ ಹೋಗ್ತದ?” ಎಂದನು. ನಾನು ಲೆಕ್ಕದ ಪುಸ್ತಕವನ್ನು ತೆಗೆದು ಅದರಲ್ಲಿ ಮೂರು ಪ್ರಶ್ನೆಗಳನ್ನು ಬರೆದೆನು.

ಮೊದಲನೆಯದು: ಯಂತ್ರವಿಲ್ಲದೆ ಇಂದು ಯಾವುದಾದರೂ ಕೆಲಸ ನಿಂತಿದೆಯೆ? ನಿಂತಿದ್ದಿತು, ಪ್ರೋಗ್ರಾಮುಗಳನ್ನು ಬರೆಯಲು ಕಿರಿಯವಳು ಹಾಸ್ಟೆಲಿನಲ್ಲಿ ಗೆಳತಿಯ ಲ್ಯಾಪ್‌ಟಾಪು ಬಿಡುವಾಗುವ ತನಕ ರಾತ್ರಿ ಹನ್ನೊಂದು ಗಂಟೆಯವರೆಗೆ ಕಾಯುತ್ತಿದ್ದಳು. ಎರಡನೆಯದು: ಬರುವುದಕ್ಕೆ ಖಚಿತವಾದ ದಿನವುಂಟೆ? ಸಂಸ್ಥೆ ಹೇಳುವ ದಿನ ಬೇರೆ, ಕಲಬುರಗಿಯ ಅಂಗಡಿಗೆ ನಮ್ಮ ಕೈಗೆಟಕುವ ಬೆಲೆಯಲ್ಲಿ ಬರುವ ದಿನ ಬೇರೆ. ಇಂಟೆಲ್ 2016ರ ಸುಮಾರಿಗೆ ತರಬೇಕೆಂದಿದ್ದ ಹತ್ತು ನ್ಯಾನೋಮೀಟರಿನ ಪ್ರೊಸೆಸರುಗಳು ಹೆಚ್ಚಾಗಿ ಬಂದುದು 2019ರಲ್ಲಿ. ಅವಕ್ಕಾಗಿ ನಿಂತವರು ಮೂರು ವರ್ಷ ನಿಂತರು. ಮೂರನೆಯದು: ನಮಗಿರುವ ತೊಂದರೆಗೆ ಹೊಸತರಲ್ಲಿ ಮಾತ್ರ ಮದ್ದುಂಟೆ? ಮಗಳಿಗೆ ಬೇಕಾದುದು ಹೆಗಲಿಗೆ ಭಾರವಾಗದ ತೂಕ, ದಿನವಿಡೀ ಬಾಳುವ ಬ್ಯಾಟರಿ, ಸೆಕೆಯಲ್ಲಿ ಕಾಯದ ಮೈ. ಈ ಮೂರೂ 2024ರ ಸೆಪ್ಟೆಂಬರಿನಲ್ಲಿಯೇ ಬಂದ ಲೂನಾರ್ ಲೇಕ್ ಎಂಬ ತಲೆಮಾರಿನಲ್ಲಿ ದೊರೆಯುತ್ತಿದ್ದುವು. ಅಕ್ಕನ ಮಗನೂ ಇದನ್ನು ಒಪ್ಪಿಕೊಂಡನು. ಒಂದೇ ಒಂದು ಎಚ್ಚರಿಕೆ ಹೇಳಿದನು: ಆ ಪ್ರೊಸೆಸರಿನೊಂದಿಗೆ ಮೆಮೊರಿಯನ್ನೂ ಸೇರಿಸಿಯೇ ಮಾಡಿರುತ್ತಾರೆ, ಮುಂದೆ ಹೆಚ್ಚಿಸಲು ಬಾರದು, ಎಷ್ಟು ಬೇಕೆಂಬುದನ್ನು ಕೊಳ್ಳುವಾಗಲೇ ನಿಶ್ಚಯಿಸಬೇಕು. ಓದುಗರೂ ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಪಾಡ್ಯದ ದಿನ ಕಲಬುರಗಿಗೆ ಹೋಗಿ ಕೊಂಡು ತಂದೆವು. ಎಂಬತ್ತು ಸಾವಿರ ರೂಪಾಯಿ. ಆ ಹಂಗಾಮಿನ ಬೆಂಬಲ ಬೆಲೆಯಲ್ಲಿ ಎಣಿಸಿದರೆ ಹತ್ತು ಕ್ವಿಂಟಲ್ ತೊಗರಿ. ಆ ವರ್ಷದ ಅತಿವೃಷ್ಟಿಯಲ್ಲಿ ಜಿಲ್ಲೆಯ ಬಹಳಷ್ಟು ತೊಗರಿ ನೆನೆದು ಹಾಳಾಗಿದ್ದುದರಿಂದ ಹಣ ಎಣಿಸುವಾಗ ಕೈ ಭಾರವಾಯಿತೆಂಬುದನ್ನು ಮರೆಮಾಚುವುದಿಲ್ಲ.

2026ರ ಜನವರಿಯಲ್ಲಿ ಪ್ಯಾಂಥರ್ ಲೇಕ್ ಹೇಳಿದಂತೆಯೇ ಬಂದಿತು. ಅದು ಉತ್ತಮವಾದುದೇ, ಚಿತ್ರಗಳ ಕೆಲಸದಲ್ಲಂತೂ ಹಿಂದಿನದಕ್ಕಿಂತ ಬಹಳ ಮುಂದು. ಆದರೆ ಅಷ್ಟರಲ್ಲಿ ಕೃತಕ ಬುದ್ಧಿಮತ್ತೆಯ ದೊಡ್ಡ ಕೇಂದ್ರಗಳಿಗೆಂದು ಮೆಮೊರಿ ಚಿಪ್‌ಗಳೆಲ್ಲ ಹರಿದುಹೋಗಿ, ಅವುಗಳ ಬೆಲೆ ಏರಿ, ಲ್ಯಾಪ್‌ಟಾಪುಗಳೂ ತುಟ್ಟಿಯಾದುವು. ಇದನ್ನು ನನ್ನ ವಿವೇಕದ ಖಾತೆಗೆ ಜಮಾ ಮಾಡಿಕೊಳ್ಳಲಾರೆನು. ದೀಪಾವಳಿಯಲ್ಲಿ ಅದು ನನ್ನ ಲೆಕ್ಕದಲ್ಲಿಯೇ ಇರಲಿಲ್ಲ. ಬೆಲೆ ಇಳಿದಿದ್ದರೂ ನಾನು ಮರುಗುತ್ತಿರಲಿಲ್ಲ. ಆ ಮೂರು ತಿಂಗಳಲ್ಲಿ ಕಿರಿಯವಳು ಒಂದು ಸೆಮಿಸ್ಟರಿನ ಅಭ್ಯಾಸವನ್ನು ತನ್ನ ಯಂತ್ರದ ಮೇಲೆಯೇ ಮಾಡಿ ಮುಗಿಸಿದಳು.

ಇನ್ನು ನನ್ನ ಮಾತು. ಈ ಲೇಖನವನ್ನು ಬರೆಯುತ್ತಿರುವುದು 2021ರ ಆ ಹಳೆಯ ಲ್ಯಾಪ್‌ಟಾಪಿನ ಮೇಲೆ. ನಿವೃತ್ತನಾದ ನನಗೆ ಅದರಿಂದ ಯಾವ ಕೆಲಸವೂ ನಿಂತಿಲ್ಲ. ಆದುದರಿಂದ ಮುಂದಿನ ತಲೆಮಾರಿಗಾಗಿ, ಅದರ ಮುಂದಿನದಕ್ಕಾಗಿಯೂ, ನಾನು ಸುಖವಾಗಿ ಕಾಯಬಲ್ಲೆನು.

ಪಾಡ್ಯದ ಸಂಜೆ ಹೊಸ ಯಂತ್ರವನ್ನು ಪೆಟ್ಟಿಗೆಯಿಂದ ತೆಗೆದವಳು ಹಿರಿಯ ಮಗಳು. ಸೆರಗಿನಿಂದ ಒರೆಸಿ, ಅರಿಸಿನ ಕುಂಕುಮ ಹಚ್ಚಿ, ತಂಗಿಯ ಕೈಗೆ ಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿ, “ಈ ಸಲ ಹೊತ್ತಿಗೆ ಸರಿಯಾಗಿ ಬಂತು ನೋಡ್ರಿ, ಅಪ್ಪಾ” ಎಂದಳು. ಅದರಲ್ಲಿ ಕಹಿಯಿರಲಿಲ್ಲ. ಐದು ವರ್ಷಗಳಲ್ಲಿ ಆ ವಿಷಯವಾಗಿ ಅವಳು ಆಡಿದ ಮಾತು ಅದೊಂದೇ. ನಾನು ಏನೂ ಹೇಳಲಾರದೆ, ಹಣತೆಗಳಿಗೆ ಎಣ್ಣೆ ಹಾಕುವ ನೆವದಿಂದ ಅಂಗಳಕ್ಕೆ ಇಳಿದೆನು.