ಬೈರಿಗೆಯ ಮೊನೆ

ಮರಗೆಲಸದ ಆಚಾರಿಯ ಪೆಟ್ಟಿಗೆಯಲ್ಲಿ ಬೈರಿಗೆಯ ಮೊನೆಗಳು ಒಂದಲ್ಲ, ಹಲವು. ಮರದ ಜಾತಿಯನ್ನೂ ಮೊಳೆಯ ಗಾತ್ರವನ್ನೂ ನೋಡಿ ಆತನು ಅವುಗಳಲ್ಲಿ ಒಂದನ್ನು ಆರಿಸುತ್ತಾನೆ. ಮನೆಯಲ್ಲಿಯೇ ವಿದ್ಯುನ್ಮಂಡಲದ ಫಲಕವನ್ನು ತಯಾರಿಸುವವರಿಗೂ ಇದೇ ವಿವೇಕ ಬೇಕು. ಅಲ್ಲಿನ ರಂಧ್ರ ಮಾತ್ರ ಸೂಜಿಯ ದಪ್ಪದಷ್ಟು ಸೂಕ್ಷ್ಮ.

ಸೀತಾ ಮತ್ತು ಸ್ವರ್ಣಾ ನದಿಗಳ ನಡುವಣ ಬ್ರಹ್ಮಾವರದ ಸೀಮೆಯಲ್ಲಿ, ಮಳೆಗಾಲದಲ್ಲಿ ತುಂಬಿ ನಿಲ್ಲುವ ಕೆಲವು ಬಾವಿಗಳು ಮೇ ತಿಂಗಳಿಗೆ ತಳ ಕಾಣುತ್ತವೆ. ಆಗ ಪಂಪನ್ನು ನಿಲ್ಲಿಸಲು ಮರೆತು ಮೇಲಿನ ತೊಟ್ಟಿಯಿಂದ ಚೆಲ್ಲಿಹೋಗುವ ಪ್ರತಿಯೊಂದು ಕೊಡ ನೀರೂ ನಷ್ಟವೇ. ತೊಟ್ಟಿ ತುಂಬಿದೊಡನೆ ಸದ್ದು ಮಾಡಿ ಎಚ್ಚರಿಸುವ, ಬ್ಯಾಟರಿಯಿಂದ ನಡೆಯುವ ಪುಟ್ಟ ಉಪಕರಣವೊಂದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೂ ರಚಿಸಬಲ್ಲರು. ಒಂದೆರಡು ಟ್ರಾನ್ಸಿಸ್ಟರ್, ಕೆಲವು ರೆಸಿಸ್ಟರ್, ಒಂದು ಬಜರ್ ಇದ್ದರೆ ಸಾಕು. ಇವುಗಳನ್ನು ಜೋಡಿಸಲು ತಂತಿಗಳ ಬದಲು ಫಲಕದ ಮೇಲೆ ತಾಮ್ರದ ಗೆರೆಗಳನ್ನು ಮೂಡಿಸುವ ಪದ್ಧತಿಯನ್ನು, ಆಸ್ಟ್ರಿಯದಲ್ಲಿ ಹುಟ್ಟಿದ ಪಾಲ್ ಐಸ್ಲರ್ ಎಂಬ ಎಂಜಿನಿಯರನು 1936ರ ಸುಮಾರಿಗೆ ಇಂಗ್ಲೆಂಡಿನಲ್ಲಿ ರೇಡಿಯೊ ಒಂದರಲ್ಲಿ ಬಳಸಿ ತೋರಿಸಿದನು.

ತಾಮ್ರದ ಹೊದಿಕೆಯುಳ್ಳ ಹಲಗೆಯ ಮೇಲೆ ಗೆರೆಗಳನ್ನು ಬರೆದು, ಬೇಡದ ತಾಮ್ರವನ್ನು ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಕರಗಿಸುತ್ತಾರೆ. ಅನಂತರ ಉಳಿಯುವುದು ರಂಧ್ರ ಕೊರೆಯುವ ಕೆಲಸ. ಅದುವರೆಗಿನ ಶ್ರಮವೆಲ್ಲ ಇಲ್ಲಿ ಒಂದು ಕ್ಷಣದಲ್ಲಿ ಹಾಳಾಗಬಹುದು. ಏಕೆಂದರೆ ಸಾಮಾನ್ಯ ಫಲಕದ ತಾಮ್ರದ ದಪ್ಪ ಕೇವಲ 0.035 ಮಿ.ಮೀ. ಚಿಕ್ಕ ರೆಸಿಸ್ಟರಿನ ಕಾಲು ಸುಮಾರು 0.6 ಮಿ.ಮೀ. ಇರುವುದರಿಂದ ಅದಕ್ಕೆ 0.8 ಮಿ.ಮೀ. ಬಿಟ್ ಒಪ್ಪುತ್ತದೆ. ದಪ್ಪ ಕಾಲಿನ ಡಯೋಡಿಗೆ 1 ಮಿ.ಮೀ. ಬೇಕು. ರಂಧ್ರ ಕಿರಿದಾದರೆ ಕಾಲು ಒಳಹೋಗದು; ಬಲವಂತದಿಂದ ಒತ್ತಿದರೆ ತಾಮ್ರವೇ ಕಿತ್ತುಬರುತ್ತದೆ. ಹಿರಿದಾದರೆ ಸುತ್ತಲಿನ ತಾಮ್ರದ ಬಳೆ ತೆಳುವಾಗಿ ಬೆಸುಗೆ ಸರಿಯಾಗಿ ನಿಲ್ಲುವುದಿಲ್ಲ.

ಅಳತೆಯನ್ನು ತಿಳಿದರೆ ಸಾಲದು, ಹಲಗೆಯ ಗುಣವನ್ನೂ ಅರಿಯಬೇಕು. ಕಾಗದ ಮತ್ತು ರಾಳದಿಂದ ಮಾಡಿದ ಕಂದು ಹಲಗೆ ಮೃದು. ಹೈಸ್ಪೀಡ್ ಉಕ್ಕಿನ ಬಿಟ್ ಅದನ್ನು ಸುಲಭವಾಗಿ ಕೊರೆಯುತ್ತದೆ. ಗಾಜಿನ ಎಳೆಗಳುಳ್ಳ ಹಲಗೆಯಲ್ಲಿ ಅದೇ ಬಿಟ್ ಬೇಗನೆ ಮೊಂಡಾಗಿ, ತಾಮ್ರವನ್ನು ಕತ್ತರಿಸದೆ ಅಂಚನ್ನು ಮೇಲೆಬ್ಬಿಸುತ್ತದೆ. ಅಲ್ಲಿಗೆ ಟಂಗ್‌ಸ್ಟನ್ ಕಾರ್ಬೈಡಿನ ಬಿಟ್ ತಕ್ಕುದು. ಅದು ಉಕ್ಕಿಗಿಂತ ಬಹಳ ಗಟ್ಟಿ, ಆದರೆ ಅಷ್ಟೇ ಪೆಡಸು. ಕೈ ತುಸು ಓರೆಯಾದರೂ ಗಾಜಿನ ಕಡ್ಡಿಯಂತೆ ಮುರಿದುಬೀಳುತ್ತದೆ. ಡ್ರಿಲ್ಲನ್ನು ನೆಟ್ಟಗೆ ನಿಲ್ಲಿಸುವ ಸ್ಟ್ಯಾಂಡ್ ಇಲ್ಲದವರು ಕಂದು ಹಲಗೆಯನ್ನೂ ಉಕ್ಕಿನ ಬಿಟ್ಟನ್ನೂ ಆರಿಸಿಕೊಳ್ಳುವುದೇ ಜಾಣತನ. ಹಲಗೆಯ ಅಡಿಯಲ್ಲಿ ಮರದ ತುಂಡೊಂದನ್ನು ಇಟ್ಟುಕೊಳ್ಳಬೇಕು. ಗಾಜಿನ ಧೂಳು ಉಸಿರಿಗೂ ಕಣ್ಣಿಗೂ ಕೇಡು. ಆದುದರಿಂದ ಮಾಸ್ಕ್ ಮತ್ತು ಕನ್ನಡಕವಿಲ್ಲದೆ ಆ ಕೆಲಸಕ್ಕೆ ಕೈಹಾಕಬಾರದು.

ಗಟ್ಟಿಯಾದದ್ದೆಲ್ಲ ಮೇಲಾದದ್ದಲ್ಲ. ಕೊರೆಯುವ ಹಲಗೆಗೆ, ಸೇರಿಸುವ ಕಾಲಿಗೆ, ಹಿಡಿಯುವ ಕೈಗೆ ಹೊಂದುವ ಬಿಟ್ಟೇ ಒಳ್ಳೆಯ ಬಿಟ್. ಬೆಸುಗೆಯಾದ ಮೇಲೆ ಆ ರಂಧ್ರಗಳು ಯಾರ ಕಣ್ಣಿಗೂ ಬೀಳವು. ಆದರೆ ಬೇಸಿಗೆಯ ಸಂಜೆ ತೊಟ್ಟಿ ತುಂಬಿದಾಗ ಪಂಪನ್ನು ನಿಲ್ಲಿಸಿರೆಂದು ಕೂಗುವ ಸದ್ದು ಅವುಗಳನ್ನೇ ನಂಬಿಕೊಂಡಿರುತ್ತದೆ.