ಗುಂಡನಿಗೆ ತಿಂಡಿ ಹಾಕಬೇಡ್ರೇ

ನಾನು ಗುಂಡನ್ನ ಉಪವಾಸ ಕೆಡವಿದೀನಿ ಅಂತ ನಮ್ಮ ಹೊಸಮನೆ ಬೀದಿಲೆಲ್ಲ ಸುದ್ದಿ. ಎದುರುಮನೆ ಅಕ್ಕ ಗೇಟಿನ ಸಂದಿಂದ ಚಪಾತಿ ಹಾಕ್ತಾರೆ. ನಮ್ಮ ನಾದಿನಿ ಬಂದ್ರೆ ಅವಳ ಬ್ಯಾಗಲ್ಲಿ ಬಿಸ್ಕತ್ತು ಇರಲೇಬೇಕು. ಬೇಡ ಅಂದ್ರೆ "ಮೂಕಪ್ರಾಣಿ ಕಣೇ, ಪಾಪ ಬರುತ್ತೆ" ಅಂತಾರೆ. ಅದಕ್ಕೇ ಎಲ್ಲರಿಗೂ ಒಂದೇ ಸಲ ಬರೆದುಬಿಡ್ತೀನಿ.

ಗುಂಡ ಕಾರ್ಗಿ ಜಾತಿ ನಾಯಿ. ಮಗ ಬೆಂಗಳೂರಲ್ಲಿ ಸಾಕಿದ್ದ, ಕೆಲಸಕ್ಕೆ ಬೇರೆ ದೇಶಕ್ಕೆ ಹೋಗುವಾಗ ನಮ್ಮನೇಲಿ ಬಿಟ್ಟ. ನೋಡೋಕೆ ಗೊಂಬೆ ಥರ ಇದ್ರೂ ಇದು ದನ ಕಾಯೋ ನಾಯಿ. ಬ್ರಿಟನ್ನಿನ ವೇಲ್ಸ್ ಸೀಮೆ ರೈತರು ದನ ಹೊಡ್ಕೊಂಡು ಹೋಗೋಕೆ ಸಾಕ್ತಿದ್ರು. ದನದ ಹಿಂಗಾಲಿನ ಹತ್ರ ಕಚ್ಚಿ ಮುಂದೆ ಓಡಿಸೋದು ಇದರ ಕೆಲಸ. ದನ ಒದ್ರೂ ಏಟು ತಲೆ ಮೇಲಿಂದ ಹೋಗುತ್ತೆ, ಅಷ್ಟು ಗಿಡ್ಡ. ಎಲಿಜಬೆತ್ ರಾಣಿಗೆ 1944ರಲ್ಲಿ, 18 ತುಂಬಿದಾಗ, ಉಡುಗೊರೆ ಬಂದಿದ್ದೂ ಇದೇ ಜಾತಿ ಮರಿ.

ಕಷ್ಟ ಇರೋದೂ ಆ ಗಿಡ್ಡತನದಲ್ಲೇ. ಕಾಲು ಮೋಟು, ಬೆನ್ನು ಉದ್ದ. ಮೈ ಬೆಳೆದಷ್ಟೂ ಭಾರ ಬೆನ್ನಿಗೆ. ಬೆನ್ನುಮೂಳೆಗಳ ನಡುವಿನ ಡಿಸ್ಕ್ ಜರುಗಿ ನರ ಒತ್ತಿದ್ರೆ ಹಿಂಗಾಲು ಎರಡೂ ಸ್ವಾಧೀನ ತಪ್ಪಬಹುದು. ಈ ಜಾತಿದು 10ರಿಂದ 14 ಕೆಜಿ ಇದ್ರೆ ಸರಿ. ಗುಂಡ ಬಂದಾಗ 16 ಇದ್ದ. ಡಾಕ್ಟರು ಪಕ್ಕೆ ಮುಟ್ಟಿ ನೋಡಿ, "ಅಮ್ಮಾ, ಎಲುಬು ಕೈಗೆ ಸಿಗಬೇಕು, ಇವನಿಗೆ ಬರೀ ಕೊಬ್ಬು ಸಿಗ್ತಿದೆ" ಅಂದ್ರು. ಅವತ್ತಿಂದ ದಿನಕ್ಕೆ ಎರಡೇ ಹೊತ್ತು, ಅಳತೆ ಲೋಟದಲ್ಲಿ ಊಟ. ಐದು ತಿಂಗಳಿಗೆ ಹದಿಮೂರೂವರೆಗೆ ಬಂದಿದಾನೆ. ಅದನ್ನೇ ನೀವು ಸೊರಗಿದಾನೆ ಅನ್ನೋದು.

ಮಂಚ, ಸೋಫಾದಿಂದ ಧುಮುಕೋಕೆ ಬಿಡಲ್ಲ. ಟೈಲ್ಸ್ ಮೇಲೆ ಕಾಲು ಜಾರುತ್ತೆ ಅಂತ ಓಡಾಡೋ ಕಡೆಯೆಲ್ಲ ಹಳೇ ಜಮಖಾನ ಹಾಸಿದೀನಿ. ಎತ್ಕೊಳ್ಳೋ ಮಕ್ಕಳಿಗೂ ಹೇಳ್ರೇ, ಒಂದು ಕೈ ಎದೆ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಇರಬೇಕು. ಮುಂಗಾಲು ಹಿಡಿದು ಎತ್ತಲೇಬಾರದು. ನಾಯಿ ಹಿಂಗಾಲು ಎಳೀತಿದ್ರೆ, ಬೆನ್ನು ಮುಟ್ಟಿದ್ರೆ ಕಿರುಚಿದ್ರೆ, ಗೊತ್ತಿಲ್ಲದೆ ಉಚ್ಚೆ ಹೋದ್ರೆ ನಾಳೆ ಅನ್ನಬೇಡಿ, ಅವತ್ತೇ ಡಾಕ್ಟರ ಹತ್ರ ಹೋಗಿ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೇಲಿ ನಾಯಿಗೂ ನೋಡ್ತಾರೆ. ನಮ್ಮ ನೋವಿನ ಮಾತ್ರೆ ಮಾತ್ರ ಕೊಡಬೇಡಿ, ಅದು ಪ್ರಾಣಕ್ಕೇ ಕುತ್ತು. ವಯಸ್ಸಾದ ಕಾರ್ಗಿಗೆ ನೋವೇ ಇಲ್ಲದೆ ನಿಧಾನಕ್ಕೆ ಹಿಂಗಾಲು ಸೋಲೋ ಇನ್ನೊಂದು ಕಾಯಿಲೆನೂ ಉಂಟು. ಅದಕ್ಕೆ ಮದ್ದಿಲ್ಲ. ಮದ್ದಿಲ್ಲದ್ದು ನಮ್ಮ ಕೈಲಿಲ್ಲ, ತೂಕ ನಮ್ಮ ಕೈಲಿದೆ ಅಲ್ವೇನ್ರೇ?

ಇನ್ನು ನಮ್ಮ ಕಡೆ ಉಣುಗಿನ ಕಾಟ ಗೊತ್ತೇ ಇದೆ. ಇವನ ಕೂದಲು ಎರಡು ಪದರ, ಒಳಗೆ ಉಣುಗು ಕೂತ್ರೆ ಕಾಣಲ್ಲ. ದಿನಾ ಸಂಜೆ ಬಾಚುವಾಗ ಕಿವಿ ಒಳಗೆ, ಬೆರಳ ಸಂದಿ, ಕಂಕುಳು ತಡವಿ ನೋಡ್ತೀನಿ. ಉಣುಗಿನ ಜ್ವರ ಬಂದ್ರೆ ಊಟ ಬಿಡುತ್ತೆ, ಒಸಡು ಬಿಳಿಚಿಕೊಳ್ಳುತ್ತೆ, ಕೆಲವಕ್ಕೆ ಮೂಗಲ್ಲಿ ರಕ್ತ ಬರುತ್ತೆ. ಹಾಗಂತ ದನಕ್ಕೆ ತಂದಿಟ್ಟ ಉಣುಗಿನ ಮದ್ದನ್ನ ನಾಯಿಗೆ ಹಾಕಬೇಡಿ. ಕೋಲಿ, ಶೆಲ್ಟಿ ಥರದ ಕುರಿ ಕಾಯೋ ಜಾತಿಗಳಲ್ಲಿ ಐವರ್‌ಮೆಕ್ಟಿನ್ ಅನ್ನೋ ಔಷಧಿ ಹೆಚ್ಚಾದ್ರೆ ತಲೆಗೇರಿ ಸಾಯೋ ನಾಯಿಗಳಿವೆ. ಯಾವ ಮದ್ದು, ಎಷ್ಟು ಅಂತ ಡಾಕ್ಟರೇ ತೂಕ ನೋಡಿ ಹೇಳಲಿ.

ಮನೆಯೊಳಗೇ ಇರೋ ನಾಯಿಗೆ ಹುಚ್ಚುನಾಯಿ ರೋಗದ ಸೂಜಿ ಯಾಕೆ ಅಂತ ಚಿಕ್ಕಮ್ಮ ಕೇಳಿದ್ರು. ಗೇಟು ತೆಗೆದಾಗ ಬೀದಿನಾಯಿ ಬಂದು ಕಚ್ಚೋಕೆ ಎಷ್ಟು ಹೊತ್ತು ಬೇಕು ಚಿಕ್ಕಮ್ಮಾ? ಆ ರೋಗ ಕಾಣಿಸ್ಕೊಂಡ ಮೇಲೆ ನಾಯಿಗೂ ಉಳಿವಿಲ್ಲ, ಮನುಷ್ಯರಿಗೂ ಇಲ್ಲ. ಅದಕ್ಕೇ ವರ್ಷಾವರ್ಷ ಹಾಕಿಸ್ತೀನಿ.

ಹಬ್ಬ ಬರ್ತಿದೆ, ಬನ್ನಿ. ಪಾಯಸದ ದ್ರಾಕ್ಷಿ, ಪಲ್ಯದ ಈರುಳ್ಳಿ, ಮಕ್ಕಳ ಚಾಕಲೇಟು ನಾಯಿಗೆ ವಿಷ, ಅವನ್ನ ಕೆಳಗೆ ಬೀಳಿಸಬೇಡಿ. ಗುಂಡ ನಿಮ್ಮ ಕಾಲ ಹತ್ರ ಕೂತು ಆಸೆಯಿಂದ ನೋಡ್ತಾನೆ, ಕರುಳು ಚುರುಕ್ ಅನ್ನುತ್ತೆ, ನನಗೂ ಅನ್ನುತ್ತೆ. ಆಗ ಎರಡು ಹೋಳು ಸೌತೆಕಾಯಿ ಕೊಡಿ, ಸಾಕು.