ಕೊಕ್ಕರ್ಣೆಯ ಸೀಮೆಯೂ ಲೋಕದ ಸಂತೆಯೂ

ಉಡುಪಿ ಜಿಲ್ಲೆಯ ಬ್ರಹ್ಮಾವರದಿಂದ ಒಳನಾಡಿನತ್ತ ಹೊರಟವರಿಗೆ ಕೊಕ್ಕರ್ಣೆ ಎದುರಾಗುತ್ತದೆ. ಸೀತಾನದಿಯ ಸೀಮೆಯ ಈ ಹಳ್ಳಿಯ ಆಸುಪಾಸಿನಲ್ಲಿ ಭತ್ತದ ಗದ್ದೆ, ಅಡಿಕೆ-ತೆಂಗಿನ ತೋಟ, ಗುಡ್ಡದ ಗೇರುಮರಗಳು ಕಣ್ಣಿಗೆ ತಂಪೆರೆಯುತ್ತವೆ. ಇಂಥ ಶಾಂತ ಗ್ರಾಮಕ್ಕೂ ಅಂತಾರಾಷ್ಟ್ರೀಯ ವಾಣಿಜ್ಯ ಮೇಳಗಳಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನದಿಯ ಜಾಡು ಹಿಡಿದು ಪಡುವಣಕ್ಕೆ ಇಳಿದರೆ ಉತ್ತರ ದೊರೆಯುತ್ತದೆ.

ಅಲ್ಲಿ ಆಳುಪರ ರಾಜಧಾನಿಯಾಗಿದ್ದ ಬಾರಕೂರು ಇದೆ. ಮೂಡುಕೇರಿ, ಮಣಿಗಾರಕೇರಿ, ಚೌಳಿಕೇರಿಗಳೆಂಬ ಹೆಸರುಗಳು ಹಳೆಯ ಪಟ್ಟಣದ ನೆನಪನ್ನು ಇಂದಿಗೂ ಉಳಿಸಿಕೊಂಡಿವೆ. ಉತ್ತರಕ್ಕೆ, ಕುಂದಾಪುರದ ಸಮೀಪ, ವಾರಾಹಿ ನದಿಯ ದಡದಲ್ಲಿ ಬಸರೂರು. ಹದಿನಾರನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸಾ, ಇಲ್ಲಿಯ ಅಕ್ಕಿಗಾಗಿ ಮಲಬಾರ, ಹೊರ್ಮುಜ್, ಏಡನ್‌ಗಳ ಹಡಗುಗಳು ಬರುತ್ತಿದ್ದುದನ್ನು ದಾಖಲಿಸಿದ್ದಾನೆ. ಕರಾವಳಿಯ ಶಾಸನಗಳು ಹಂಜಮಾನವೆಂಬ ವರ್ತಕ ಸಂಘವನ್ನು ಹೆಸರಿಸುತ್ತವೆ. ಗದ್ದೆಯ ಅಕ್ಕಿಗೆ ಕಡಲಾಚೆಯ ಗಿರಾಕಿ ದೊರೆತದ್ದು ಇಂಥ ಪೇಟೆಗಳ ಮೂಲಕ.

ಪೇಟೆಯನ್ನು ಹಿಡಿದವನೇ ಬೆಲೆಯನ್ನೂ ಹಿಡಿಯುತ್ತಾನೆ. 1569ರಲ್ಲಿ ಪೋರ್ಚುಗೀಸರು ಬಸರೂರಿನ ಬಂದರನ್ನು ವಶಪಡಿಸಿಕೊಂಡು ಕೋಟೆ ಕಟ್ಟಿದ್ದರ ಮರ್ಮ ಇದೇ. ವೀರಶೈವ ಅರಸುಮನೆತನವಾದ ಕೆಳದಿಯ ಶಿವಪ್ಪನಾಯಕನು 1650ರ ದಶಕದಲ್ಲಿ ಅವರನ್ನು ಅಲ್ಲಿಂದ ಹೊರಗಟ್ಟಿದನು. ಆದರೆ ಕೆಳದಿಯವರು ವ್ಯಾಪಾರದ ಬಾಗಿಲನ್ನು ಮುಚ್ಚಲಿಲ್ಲ. ರಾಣಿ ಚೆನ್ನಮ್ಮಾಜಿಯ ಕಾಲದಲ್ಲಿ, 1678ರಲ್ಲಿ, ಅದೇ ಪೋರ್ಚುಗೀಸರೊಡನೆ ಒಪ್ಪಂದವಾಯಿತು. ಪರದೇಶದವರೊಡನೆ ವ್ಯವಹಾರ ಬೇಕು, ಅದರ ಕಟ್ಟಳೆ ಮಾತ್ರ ನಮ್ಮ ಕೈಯಲ್ಲಿರಬೇಕು ಎಂಬ ವಿವೇಕವನ್ನು ಇಲ್ಲಿ ಕಾಣಬಹುದು.

ಅಂದಿನ ಬಂದರುಪೇಟೆಯ ಕೆಲಸದಲ್ಲಿ ಒಂದು ಪಾಲನ್ನು ಇಂದು ವಾಣಿಜ್ಯ ಮೇಳಗಳು ನಿರ್ವಹಿಸುತ್ತಿವೆ. ಜರ್ಮನಿಯ ಲೈಪ್‌ಜಿಗ್ ಮೇಳಕ್ಕೆ 1497ರಲ್ಲೇ ಚಕ್ರವರ್ತಿಯ ಸನ್ನದು ದೊರೆತಿತ್ತು. ಚೀನಾದ ಗುವಾಂಗ್‌ಝೌ ನಗರದ ಮೇಳ 1957ರಲ್ಲಿ ಆರಂಭವಾಯಿತು. ದೆಹಲಿಯ ಪ್ರಗತಿ ಮೈದಾನದ ಭಾರತ ಅಂತಾರಾಷ್ಟ್ರೀಯ ವಾಣಿಜ್ಯ ಮೇಳ 1980ರಿಂದ ನಡೆದುಬಂದಿದೆ. ಬೆಂಗಳೂರಿನ ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರದಲ್ಲಿ ಯಂತ್ರೋಪಕರಣಗಳ ಮೇಳಕ್ಕೆ ಹೊರದೇಶದ ಉದ್ಯಮಿಗಳೂ ಬರುತ್ತಾರೆ. ಮಾದರಿಯನ್ನು ಮುಟ್ಟಿ ನೋಡುವುದು, ಗುಣಮಟ್ಟದ ನಿಯಮ ತಿಳಿಯುವುದು, ನಾಲ್ಕಾರು ಬೆಲೆಗಳನ್ನು ಹೋಲಿಸುವುದು, ಮುಖ ನೋಡಿ ನಂಬಿಕೆ ಬೆಳೆಸುವುದು ಇವೆಲ್ಲ ಒಂದೇ ಆವರಣದಲ್ಲಿ ಕೆಲವೇ ದಿನಗಳಲ್ಲಿ ಸಾಧ್ಯ. 2020ರ ಮಹಾಮಾರಿಯಲ್ಲಿ ಗುವಾಂಗ್‌ಝೌ ಮೇಳ ಅಂತರ್ಜಾಲಕ್ಕೆ ಸರಿಯಿತು. 2023ರಲ್ಲಿ ಮತ್ತೆ ಜನರು ಎದುರುಬದುರಾಗಿ ನೆರೆಯುವ ಮೇಳವಾಗಿ ಪೂರ್ಣಪ್ರಮಾಣದಲ್ಲಿ ನಡೆಯಿತು. ಮುಖಾಮುಖಿಗೆ ಬದಲಿಯಿಲ್ಲ.

ಈ ಮಾತು ನಮಗೆ ಹೊಸದಲ್ಲ. ಶಿವರಾತ್ರಿಯ ಕಾಲದ ಸಿದ್ಧಗಂಗೆಯ ಜಾತ್ರೆಯಲ್ಲಿ ದನಗಳ ಪರಿಷೆಯೂ ಕೃಷಿ-ಕೈಗಾರಿಕಾ ವಸ್ತುಪ್ರದರ್ಶನವೂ ಜೊತೆಜೊತೆಗೆ ನಡೆಯುವುದನ್ನು ಬಲ್ಲವರಿಗೆ ಮೇಳದ ಮಹತ್ವವನ್ನು ವಿವರಿಸಬೇಕಾಗಿಲ್ಲ.

ಆದರೆ ದೂರದ ಮೇಳದಲ್ಲಿ ಮಳಿಗೆಯ ಬಾಡಿಗೆ, ಪ್ರಯಾಣ, ವಸತಿಗಳ ವೆಚ್ಚ ಸಣ್ಣ ಬೆಳೆಗಾರನ ಕೈಗೆಟುಕದು. ಹೋಗದವನ ಸರಕು ಮಧ್ಯವರ್ತಿಯ ಹೆಸರಿನಲ್ಲಿ ಮಾರಾಟವಾಗುತ್ತದೆ. ಲಾಭವೂ ಅವನ ಪಾಲಾಗುತ್ತದೆ. ಭೌಗೋಳಿಕ ಸೂಚಕದ ಮನ್ನಣೆ ಪಡೆದ ಉಡುಪಿ ಸೀರೆಯಾಗಲಿ, ಈ ಸೀಮೆಯ ಗೇರುಬೀಜವಾಗಲಿ ತನ್ನ ಹೆಸರಿನಲ್ಲೇ ಲೋಕದ ಸಂತೆಗೆ ಹೋಗಬೇಕಾದರೆ, ನೇಕಾರರೂ ಬೆಳೆಗಾರರೂ ಸಹಕಾರ ಸಂಘಗಳಲ್ಲಿ ಒಂದುಗೂಡಿ ಮಳಿಗೆಯ ಭಾರವನ್ನು ಹಂಚಿಕೊಳ್ಳಬೇಕು. ಹಂಜಮಾನದ ವರ್ತಕರು ಸಂಘಕಟ್ಟಿ ಬಾಳಿದ ನೆಲವಿದು. ಆ ದಾರಿ ಇಲ್ಲಿಯವರಿಗೆ ಅಪರಿಚಿತವೇನಲ್ಲ.